ಮುಳ್ಳಯ್ಯನಗಿರಿಗೆ 36 ಸೆಕೆಂಡಿಗೊಂದು ಗಾಡಿ!

ಶನಿವಾರ ಬಂತೆಂದರೆ ಚಿಕ್ಕಮಗಳೂರಿಗೆ ಜ್ವರ ಏರುತ್ತದೆ. ಬೆಂಗಳೂರಿನಿಂದ ರಾತ್ರೋರಾತ್ರಿ ಹೊರಟ ಕಾರುಗಳು ಕೋಳಿ ಕೂಗುವ ಹೊತ್ತಿಗೆ ಕೈಮರದ ಚೆಕ್‌ಪೋಸ್ಟ್ ಮುಂದೆ ಸಾಲುಗಟ್ಟಿರುತ್ತವೆ. ಎಲ್ಲರಿಗೂ ಬೇಕಾದ್ದು ಒಂದೇ. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತು ಮೋಡವನ್ನು ಕಾಲ ಕೆಳಗೆ ನೋಡಬೇಕು, ನಾಲ್ಕು ಫೋಟೋ ತೆಗೆಸಿಕೊಳ್ಳಬೇಕು, ಬಿಸಿ ಬಿಸಿ ಆಮ್ಲೆಟ್ ತಿಂದು ಇಳಿಯಬೇಕು. ತಪ್ಪೇನಿಲ್ಲ. ಸುಮಾರು 1930 ಮೀಟರ್ ಎತ್ತರದ ಗಿರಿ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇನ್ನೊಂದಿಲ್ಲ. ನೋಡೋ ಆಸೆ ಯಾರಿಗಿರೋದಿಲ್ಲ? ಗಿರಿ ಚಿಕ್ಕಮಗಳೂರಿನವರ ಅಪ್ಪನ ಆಸ್ತಿಯೂ ಅಲ್ಲ.

ಜನ ಯಾಕೆ ಬರ್ತಾರೆ ಎಂಬುದರ ಬಗ್ಗೆ ತಕರಾರಿಲ್ಲ. ಬಂದವರನ್ನು ಗಿರಿ ಹೇಗೆ ಹೊರಬೇಕು ಅನ್ನೋದೇ ಪ್ರಶ್ನೆ.

ಗದ್ದಲ ಅತಿಯಾದ ಮೇಲೆ ಜಿಲ್ಲಾಡಳಿತ ಕಣ್ಣು ಬಿಟ್ಟಿತು. 2025ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ದತ್ತಪೀಠ, ಮಾಣಿಕ್ಯಧಾರಾ ಎಲ್ಲಕ್ಕೂ ಸೇರಿ ಬೆಳಗಿನ ಪಾಳಿಗೆ 600 ವಾಹನ, ಮಧ್ಯಾಹ್ನದ ಪಾಳಿಗೆ 600. ಒಟ್ಟು ದಿನಕ್ಕೆ 1200. ಮೊದಲಿನ ಅಂಕೆಯಿಲ್ಲದ ಜಾತ್ರೆಗಿಂತ ಇದು ವಾಸಿ. ಮಾಡಿದವರಿಗೆ ಶಹಭಾಸ್ ಹೇಳಲೇಬೇಕು.

ಶಹಭಾಸ್ ಹೇಳಿದ ಮೇಲೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ 600 ಗಾಡಿ ಅಂದರೆ ಗಂಟೆಗೆ 100. ಪ್ರತಿ 36 ಸೆಕೆಂಡಿಗೆ ಒಂದು ಗಾಡಿ ಕೈಮರ ದಾಟಿ ಮೇಲಕ್ಕೆ ಹೋಗುತ್ತದೆ. ಅದೂ ಸಮಸಮವಾಗಿ ಬಂದರೆ! ಸೂರ್ಯೋದಯ ನೋಡೋರು ಹತ್ತು ಗಂಟೆಗೆ ಬರ್ತಾರೆಯೇ? ಒಂದು ಕಾರಿಗೆ ಐದು ಮೀಟರ್ ಜಾಗ ಎಂದರೂ 600 ಕಾರುಗಳನ್ನು ಬಂಪರಿಗೆ ಬಂಪರ್ ತಾಗಿಸಿ ನಿಲ್ಲಿಸಿದರೆ ಮೂರು ಕಿಲೋಮೀಟರ್ ಉದ್ದ. ಸೀತಾಳಯ್ಯನಗಿರಿಯಿಂದ ಮೇಲಕ್ಕೆ ಹೋಗೋ ರಸ್ತೆಯೋ, ಎದುರಿಗೊಂದು ಜೀಪು ಬಂದರೆ ಇಬ್ಬರಲ್ಲೊಬ್ಬ ಹಿಂದಕ್ಕೆ ಸರಿಯಬೇಕಾದ ರಸ್ತೆ. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ಬಯಲುಸೀಮೆಯ ನೆಟ್ಟನೆ ರಸ್ತೆಯಲ್ಲಿ ಓಡಿಸಿ ಅಭ್ಯಾಸವಾದವರಿಗೆ ಇಲ್ಲಿ ಕ್ಲಚ್ ಸುಟ್ಟ ವಾಸನೆಯೇ ಮೊದಲ ದರ್ಶನ.

600 ಎಂಬ ಸಂಖ್ಯೆ ಯಾವ ಆಧಾರದ ಮೇಲೆ ಬಂತು? ರಸ್ತೆಯ ಅಗಲ ಅಳೆದರೇ, ಗಾಡಿ ನಿಲ್ಲಿಸೋ ಜಾಗ ಎಣಿಸಿದರೇ, ಅಥವಾ ನೋಡೋದಕ್ಕೆ ಗುಂಡಾಗಿ ಚೆನ್ನಾಗಿದೆ ಅಂತ ಬರೆದರೇ? ಅದನ್ನು ಜನರ ಮುಂದಿಡಬೇಕು.

ಈ ರಸ್ತೆ ಪ್ರವಾಸಿಗರದ್ದು ಮಾತ್ರ ಅಲ್ಲ ಎಂಬುದನ್ನೂ ಮರೆಯಬಾರದು. ಅತ್ತಿಗುಂಡಿಯವರು, ತೋಟದ ಲೈನಿನಲ್ಲಿರುವ ಕೂಲಿಯವರು ಆಸ್ಪತ್ರೆಗೆ, ಸಂತೆಗೆ, ಮಕ್ಕಳ ಶಾಲೆಗೆ ಇಳಿಯಬೇಕಾದ್ದೂ ಇದರಲ್ಲೇ. ಭಾನುವಾರ ಹೆರಿಗೆ ನೋವು ಬರಬಾರದು ಅಂತ ಯಾವ ಹೆಂಗಸಿಗೆ ಹೇಳೋದು?

ಇನ್ನು ನೀರಿನ ಮಾತು. ಇದೇ ದೊಡ್ಡದು, ಇದನ್ನೇ ಯಾರೂ ಆಡೋದಿಲ್ಲ.

ಚಂದ್ರದ್ರೋಣ ಪರ್ವತದ ಮೇಲೆ ಮರವಿಲ್ಲದ ಹುಲ್ಲುಗಾವಲು ನೋಡಿ, 'ಖಾಲಿ ಜಾಗ, ಗಾಡಿ ಹತ್ತಿಸಿದರೇನು' ಎನ್ನುವವರಿದ್ದಾರೆ. ಅದು ಖಾಲಿ ಜಾಗವಲ್ಲ. ಗುಡ್ಡದ ಮೈಮೇಲೆ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು. ಎರಡೂ ಸೇರಿ ಮುಂಗಾರಿನ ಮಳೆಯನ್ನು ಹೀರಿ ಇಟ್ಟುಕೊಂಡು, ಮಳೆ ನಿಂತ ಮೇಲೂ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ತೆಳ್ಳಗಿನ ಮಣ್ಣನ್ನು ಬಂಡೆಯ ಮೇಲೆ ಹಿಡಿದಿಟ್ಟಿರುವುದು ಆ ಹುಲ್ಲಿನ ಬೇರು. ಒಂದು ಜೀಪು ಅದರ ಮೇಲೆ ನಾಲ್ಕು ಸಲ ಓಡಾಡಿದರೆ ಬೇರು ಸಾಯುತ್ತದೆ, ಚಕ್ರದ ಗುರುತಿನಲ್ಲಿ ನೀರು ಹರಿಯುತ್ತದೆ, ಮುಂದಿನ ಮಳೆಗಾಲಕ್ಕೆ ಅದೇ ಕೊರಕಲು. ಆಮೇಲೆ ಧರೆ ಕುಸಿಯಿತು, ರಸ್ತೆ ಬಂದ್ ಆಯಿತು ಅಂತ ಬೊಬ್ಬೆ.

ಯಗಚಿ ಹುಟ್ಟೋದು ಈ ಬೆಟ್ಟಸಾಲಿನಲ್ಲಿ. ಚಿಕ್ಕಮಗಳೂರಿನ ನಲ್ಲಿಗೆ ನೀರು ಕೊಡುವ ಹಿರೇಕೊಳಲೆ ಕೆರೆ ಇರುವುದು ಇದರ ತಪ್ಪಲಿನಲ್ಲಿ. ವೇದಾ, ಆವತಿ ಎರಡೂ ಇಲ್ಲಿಂದಲೇ ಇಳಿದು ಕಡೂರು ಸೀಮೆಯಲ್ಲಿ ವೇದಾವತಿಯಾಗುತ್ತವೆ. ದಾರಿಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ ತುಂಬಬೇಕು, ಕೊನೆಗೆ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಬೇಕು. ಆ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ನೋಡೋದಕ್ಕೆ ಜನ ಹಬ್ಬದಂತೆ ನೆರೆದರು. ಆ ನೀರಿನ ಬೇರು ಈ ಗುಡ್ಡದ ಹುಲ್ಲಿನಲ್ಲೂ ಇದೆ ಅಂತ ಎಷ್ಟು ಮಂದಿಗೆ ಹೊಳೆಯಿತೋ!

ಅದೇ 2022ರಲ್ಲಿ ಗಿರಿಯಲ್ಲಿ ನೀಲಿ ಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಬರೋ ಹೂವು. ನೋಡಲು ಬಂದವರಲ್ಲಿ ಕಿತ್ತು ಮುಡಿದವರೂ ಇದ್ದರು, ಗೊಂಚಲು ಕಟ್ಟಿಕೊಂಡು ಹೋದವರೂ ಇದ್ದರು. ಬೀಜವಾಗಿ ಮಣ್ಣಿಗೆ ಬೀಳಬೇಕಾದ ಹೂವು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಾಡಿತು. ಮುಂದಿನ ಸರದಿ 2034. ಮಾಣಿಕ್ಯಧಾರಾದ ಕಥೆ ಬೇರೆ. ಮಿಂದವರು ಉಟ್ಟ ಬಟ್ಟೆ ಅಲ್ಲೇ ಬಿಟ್ಟು ಬರುವುದನ್ನು ಪುಣ್ಯ ಅಂದುಕೊಂಡಿದ್ದಾರೆ. ಪಾಪ ಕಳೆಯಿತೋ ಇಲ್ಲವೋ, ಬಟ್ಟೆಯಂತೂ ಕಳೆಯೋದಿಲ್ಲ, ಹಳ್ಳದಲ್ಲೇ ಕೊಳೆಯುತ್ತದೆ.

ಹಾಗಂತ ಗೇಟು ಹಾಕಿ ಬೀಗ ಜಡಿಯಿರಿ ಅನ್ನೋದು ತಲೆನೋವಿಗೆ ತಲೆ ತೆಗೆದ ಹಾಗೆ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಸಣ್ಣ ತೋಟದವರನ್ನು ಹಿಡಿದಿಟ್ಟದ್ದು ಹೋಂಸ್ಟೇ. ಜೀಪಿನವರು, ಗೂಡಂಗಡಿಯವರು, ಜೋಳ ಸುಡುವ ಅಜ್ಜಿ, ಲಾಡ್ಜಿನ ಹುಡುಗರು ಎಲ್ಲರ ಒಲೆ ಉರಿಯುತ್ತಿರುವುದು ಬಂದವರ ದುಡ್ಡಿನಿಂದ. ಬಂದವರನ್ನು ಬೈದು ಅವರ ದುಡ್ಡು ಎಣಿಸೋದು ಮರ್ಯಾದೆಯಲ್ಲ. ಪರವಾನಗಿಯಿಲ್ಲದ ಹೋಂಸ್ಟೇಗಳು ಮಲಿನ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದಕ್ಕೆ ಬೆಂಗಳೂರಿನವರು ಹೊಣೆಯಲ್ಲ, ಊರಿನವರೇ ಹೊಣೆ.

ಪಕ್ಕದ ನೀಲಗಿರಿಯನ್ನೇ ನೋಡಬಹುದು. ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಬೇಸಿಗೆಗೆ ನೀಲಗಿರಿಗೆ ವಾರದ ದಿನ 6000, ವಾರಾಂತ್ಯದಲ್ಲಿ 8000 ವಾಹನ ಅಂತ ಮಿತಿ ಹಾಕಿದರು. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನಿಷೇಧ. ಬದಲಿಗೆ ರಸ್ತೆ ಬದಿಯಲ್ಲಿ ನೀರಿನ ಯಂತ್ರ ಇಟ್ಟರು. ಬೇಡ ಅಂದರು, ಬದಲಿಗೆ ಏನು ಅಂತಲೂ ತೋರಿಸಿದರು. ಇಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧವಾಗಿ 2016ರಿಂದ ವರ್ಷಗಳೇ ಉರುಳಿದವು. ಆದೇಶ ಫೈಲಿನಲ್ಲಿದೆ, ಪ್ಲಾಸ್ಟಿಕ್ಕು ಗುಡ್ಡದಲ್ಲಿದೆ.

ಈಗ ಆಗಬೇಕಾದ್ದು ಬ್ರಹ್ಮವಿದ್ಯೆಯೇನಲ್ಲ. ವಾರಾಂತ್ಯದಲ್ಲಾದರೂ ಹೊರಗಿನ ಕಾರುಗಳು ಕೈಮರದ ಕೆಳಗೇ ನಿಲ್ಲಲಿ. ಅಲ್ಲಿಂದ ಮೇಲಕ್ಕೆ ಸರ್ಕಾರಿ ಮಿನಿ ಬಸ್ಸು, ಸ್ಥಳೀಯರ ಜೀಪು. ದರ ಮಾತ್ರ ಬೋರ್ಡಿನಲ್ಲಿ ಬರೆದಿರಬೇಕು, ಮುಖ ನೋಡಿ ಮಣೆ ಹಾಕೋ ದರ ಬೇಡ. ಐವತ್ತು ಜನಕ್ಕೆ ಹತ್ತು ಕಾರು ಹೋಗುವ ಬದಲು ಎರಡು ಬಸ್ಸು ಹೋದರೆ ಗಿರಿಯೂ ಉಸಿರಾಡುತ್ತದೆ, ಅತ್ತಿಗುಂಡಿಯ ಆಂಬುಲೆನ್ಸೂ ಇಳಿಯುತ್ತದೆ. ಜೀಪಿನವರ ಹೊಟ್ಟೆಗೂ ಕಲ್ಲು ಬೀಳೋದಿಲ್ಲ.

ಇನ್ನೊಂದು, ಶುಲ್ಕದ ಲೆಕ್ಕ. ಗಾಡಿಗಿಷ್ಟು ಅಂತ ವಸೂಲಾದ ಹಣ ಎಲ್ಲಿಗೆ ಹೋಯಿತು? ಮೇಲೆ ಹೆಂಗಸರಿಗೆ ಶೌಚಾಲಯ ಎಷ್ಟು ಕಟ್ಟಿದರು, ಕಸ ಇಳಿಸಲು ಎಷ್ಟು ಆಳು ಇಟ್ಟರು, ಆ ಆಳುಗಳಿಗೆ ಮಳೆಗಾಲದಲ್ಲಿ ರೇನ್‌ಕೋಟು ಕೊಟ್ಟರೇ? ತಿಂಗಳಿಗೊಮ್ಮೆ ಜಮಾ-ಖರ್ಚು ಬರೆದು ಕೈಮರದ ಚೆಕ್‌ಪೋಸ್ಟ್ ಗೋಡೆಗೆ ಅಂಟಿಸಲಿ. ಡಿಸೆಂಬರಿನ ರಜೆಯಲ್ಲಿ ಸಾಲಿನಲ್ಲಿ ನಿಂತು ಕಾಯೋರಿಗೆ ಓದೋದಕ್ಕಾದರೂ ಆಗುತ್ತದೆ.