ಕಲಿತದ್ದೊಂದು, ಕಸಬೊಂದು

ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಗೃಹಸ್ಥರ ಮನೆಗಳಲ್ಲಿ ಒಂದು ಚಿಂತೆ ತಪ್ಪದೆ ತಲೆದೋರುತ್ತದೆ: ಮಕ್ಕಳು ಮುಂದೆ ಯಾವ ವಿದ್ಯೆಯನ್ನು ಕಲಿಯಬೇಕು? ಕಲಿತ ವಿದ್ಯೆಯೊಂದು, ಹಿಡಿದ ಉದ್ಯೋಗ ಮತ್ತೊಂದು ಆಯಿತೆಂದರೆ, ಅಷ್ಟು ವರ್ಷಗಳ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಹಿರಿಯರು ಪೇಚಾಡುವುದುಂಟು. ಈ ಪೇಚಾಟವು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ನಮ್ಮ ನಾಡಿನವೇ ಆದ ಎರಡು ನಿದರ್ಶನಗಳಿಂದ ವಿಚಾರಮಾಡೋಣ. ಒಂದು ಹಣಕಾಸಿನ ವ್ಯವಹಾರಕ್ಕೆ ಸೇರಿದ್ದು. ಇನ್ನೊಂದು ಜೀವವಿಜ್ಞಾನದ ಉದ್ಯಮಕ್ಕೆ ಸೇರಿದ್ದು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಆಗ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. ಮೂವರಲ್ಲಿ ಉಪೇಂದ್ರ ಅನಂತ ಪೈಯವರು ವ್ಯಾಪಾರಿಗಳು, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರರು, ಡಾಕ್ಟರ್ ಟಿ.ಎಂ.ಎ. ಪೈಯವರು ಮದರಾಸಿನಲ್ಲಿ ಓದಿ ಬಂದ ವೈದ್ಯರು. ಬ್ಯಾಂಕೇ ಕಸಬಾಗಿದ್ದವರು ಇವರಲ್ಲಿ ಒಬ್ಬರೂ ಇರಲಿಲ್ಲ. ಆದರೂ 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯನ್ನು ಗಮನಿಸಬೇಕು. ಹಣವುಳ್ಳವರು ಬ್ಯಾಂಕಿಗೆ ಬರಲೆಂದು ಕಾಯದೆ, ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ ಹೋಗಿ, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಜಮಾ ಮಾಡುವ ಕ್ರಮವದು. ದಿನಗೂಲಿಯವನ ಸಂಸಾರದ ಸ್ಥಿತಿಗತಿಯನ್ನು ಊರಿನ ವೈದ್ಯನಷ್ಟು ಹತ್ತಿರದಿಂದ ಕಂಡವರು ವಿರಳ. ಆ ತಿಳಿವಳಿಕೆಯು ಈ ಏರ್ಪಾಡಿಗೆ ಬಲವನ್ನು ಕೊಟ್ಟಿರಬೇಕೆಂದು ನಮಗೆ ತೋರುತ್ತದೆ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಎರಡನೆಯ ನಿದರ್ಶನ ಬೆಂಗಳೂರಿನದು. ಶ್ರೀಮತಿ ಕಿರಣ್ ಮಜುಂದಾರ್-ಶಾ ಅವರಿಗೆ ವೈದ್ಯಶಾಸ್ತ್ರವನ್ನು ಓದುವ ಹಂಬಲವಿತ್ತು, ಅದು ಕೈಗೂಡಲಿಲ್ಲ. 1973ರಲ್ಲಿ ಪ್ರಾಣಿಶಾಸ್ತ್ರದ ಪದವಿಯನ್ನು ಪಡೆದು, ಬಿಯರ್ ತಯಾರಿಕೆಯಲ್ಲಿ ನಿಪುಣರಾಗಿದ್ದ ತಂದೆಯವರ ಸಲಹೆಯಂತೆ, ಅದೇ ವಿದ್ಯೆಯನ್ನು ಕಲಿಯಲು ಅವರು ಆಸ್ಟ್ರೇಲಿಯದ ಬ್ಯಾಲರಟ್ ಊರಿಗೆ ಹೋದರು. ಕಲಿತು ಮರಳಿದಾಗ, ಇದು ಗಂಡಸರ ಕೆಲಸವೆಂಬ ಮಾತು ಎದುರಾಯಿತು. ಮುಖ್ಯ ತಯಾರಕರ ಹುದ್ದೆ ದೊರೆಯಲಿಲ್ಲ. 1978ರಲ್ಲಿ, 10,000 ರೂಪಾಯಿಗಳೊಡನೆ, ಬಾಡಿಗೆ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ ಬಯೋಕಾನ್ ಸಂಸ್ಥೆಯು ಆರಂಭವಾಯಿತು. ತರುಣಿಯೊಬ್ಬಳ ಹೊಸ ಬಗೆಯ ಉದ್ಯಮಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಅಲ್ಲಿ ಮೊದಲು ತಯಾರಾದವು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ, ಮತ್ತು ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನ ಗಾಳಿಚೀಲದಿಂದ ತೆಗೆದ ಒಂದು ಪದಾರ್ಥ.

ಅದೇ ಸಂಸ್ಥೆಯು 2004ರಲ್ಲಿ ಮಧುಮೇಹಿಗಳಿಗಾಗಿ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಬಿಯರ್‌ಗೂ ಇನ್ಸುಲಿನ್‌ಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಬಿಯರನ್ನು ಹುದುಗೇಳಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಈ ಇನ್ಸುಲಿನನ್ನು ತಯಾರಿಸುವುದಕ್ಕೂ ಪಿಚಿಯ ಎಂಬ ಬೇರೊಂದು ಜಾತಿಯ ಯೀಸ್ಟನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಹದವಾದ ಶಾಖ, ಗಾಳಿ, ಶುಚಿತ್ವ ಇವುಗಳ ಮೇಲೆ ಕಣ್ಣಿಟ್ಟು ಜೀವಿಯನ್ನು ದುಡಿಸುವ ಕಲೆ ಎರಡಕ್ಕೂ ಬೇಕು.

ಇದರಿಂದ ಏನನ್ನು ಕಲಿತರೂ ನಡೆದೀತೆಂದು ಯಾರೂ ಭಾವಿಸಬಾರದು. ಪೈಯವರ ಜೊತೆಗೆ ವ್ಯಾಪಾರ ಬಲ್ಲವರಿದ್ದರು. ಮಜುಂದಾರರು ಕಲಿತದ್ದನ್ನು ಆಮೂಲಾಗ್ರವಾಗಿ ಕಲಿತಿದ್ದರು. ಹಾಗೆಯೇ, ಬಾಗಿಲು ಮುಚ್ಚಿದ್ದೇ ಆಕೆಗೆ ಒಳ್ಳೆಯದಾಯಿತೆನ್ನುವುದೂ ನ್ಯಾಯವಲ್ಲ. ಹಾಗೆ ಹಿಂದಿರುಗಿದ ಹೆಣ್ಣುಮಕ್ಕಳೆಲ್ಲರಿಗೂ ಇನ್ನೊಂದು ಬಾಗಿಲು ತೆರೆಯುವುದಿಲ್ಲ. ಅವರ ವಿದ್ಯೆ ಮನೆಗೂ ನಾಡಿಗೂ ನಷ್ಟವಾಗುತ್ತದೆ.

ಆದಕಾರಣ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ, ಈ ಓದಿನಿಂದ ಯಾವ ಹುದ್ದೆ ದೊರೆತೀತೆಂದು ಕೇಳುವುದರ ಜೊತೆಗೆ, ಇದರಿಂದ ಕಣ್ಣು ಕೈಗಳಿಗೆ ಯಾವ ಅಭ್ಯಾಸವು ಬಂದೀತೆಂದೂ ಕೇಳುವುದು ಒಳ್ಳೆಯದು. ಮಗಳಿಗೂ ಇದೇ ಪ್ರಶ್ನೆಯನ್ನು ಕೇಳಿ, ಅವಳ ಉತ್ತರಕ್ಕೂ ಅಷ್ಟೇ ಬೆಲೆಯನ್ನು ಕೊಡಬೇಕೆಂದು ನಮ್ಮ ವಿನಂತಿ.