ಸಾಲದ ಕ್ಯಾಮೆರಾಕ್ಕಿಂತ ಮನೆಯ ಮೀನೇ ಗುರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ಯಾವ ಊರಿಗೆ ಹೋದರೂ ಪದವಿ ಮುಗಿಸಿ ಕ್ಯಾಮೆರಾ ಹಿಡಿದ ಹುಡುಗರು ಸಿಗುತ್ತಾರೆ. ನೌಕರಿ ಸಿಗುವವರೆಗೆ ಮದುವೆ, ಸೀಮಂತ, ಜಾವಳದ ಫೋಟೊ ತೆಗೆದು ನಾಲ್ಕು ಕಾಸು ನೋಡುವ ಆಸೆ. ತಪ್ಪೇನಿಲ್ಲ. ಆದರೆ ಫೋಟೊ ಮಸುಕಾದರೆ ಕ್ಯಾಮೆರಾವನ್ನೇ ದೂರಿ, ಸಾಲ ಮಾಡಿ ದೊಡ್ಡದನ್ನು ತರಲು ಹೊರಡುವುದು ಕುಣಿಯಲು ಬಾರದವಳು ನೆಲ ಡೊಂಕು ಎಂದಂತೆ.

ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ತಿಂಗಳು ನಿಮ್ಮ ಮನೆಯ ಅಥವಾ ಗೆಳೆಯರ ಮನೆಯ ಅಕ್ವೇರಿಯಂ ಮುಂದೆ ಕೂತು ನೋಡಿ. ಮೀನು ನಿಂತಲ್ಲಿ ನಿಲ್ಲುವುದಿಲ್ಲ, ‘ಸ್ಮೈಲ್ ಪ್ಲೀಸ್’ ಎಂದರೆ ಕೇಳುವುದಿಲ್ಲ. ಎದುರಿಗೆ ಗಾಜು, ಆಚೆ ನೀರು, ಬೆಳಕೂ ಕಡಿಮೆ. ಮದುವೆ ಮಂಟಪದ ಕಷ್ಟಗಳೆಲ್ಲ ಎರಡಡಿ ತೊಟ್ಟಿಯಲ್ಲೇ ಇವೆ.

ಮೊದಲು ಗಾಜನ್ನು ಒಳಗೂ ಹೊರಗೂ ಒರೆಸಿ. ರಾತ್ರಿ ಕೋಣೆಯ ದೀಪ ಆರಿಸಿ, ತೊಟ್ಟಿಯ ದೀಪವನ್ನಷ್ಟೇ ಉಳಿಸಿ. ಗಾಜಿನಲ್ಲಿ ನಿಮ್ಮದೇ ಮುಖ ಕಾಣುವುದು ನಿಲ್ಲುತ್ತದೆ. ಲೆನ್ಸನ್ನು ಗಾಜಿಗೆ ಹತ್ತಿರವಾಗಿ, ನೇರವಾಗಿ ಹಿಡಿಯಿರಿ. ಓರೆಯಾದರೆ ಬೆಳಕು ಬಾಗಿ ಚಿತ್ರ ಕೆಡುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಮೀನು ಇರುವುದಕ್ಕಿಂತ ಹತ್ತಿರ ಕಾಣುವುದು ಅದಕ್ಕೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಶಟರ್ ವೇಗ 1/125 ಸೆಕೆಂಡಿನಿಂದ ಶುರುಮಾಡಿ. ಮೀನು ಚುರುಕಾಗಿದ್ದರೆ 1/250. ಬೆಳಕು ಸಾಲದಿದ್ದರೆ ಐಎಸ್‌ಒ 800 ಅಥವಾ 1600ಕ್ಕೆ ಏರಿಸಿ. ಫೋಕಸ್ ಮೀನಿನ ಕಣ್ಣಿನ ಮೇಲಿರಲಿ. ಕ್ಯಾಮೆರಾದ ಫ್ಲ್ಯಾಶ್ ಗಾಜಿಗೆ ಬಡಿದು ಬಿಳಿ ಕಲೆಯಾಗುತ್ತದೆ, ಅದು ಬೇಡ. ಗಾಜು ತಟ್ಟಿ ಮೀನನ್ನು ಬೆದರಿಸುವುದಂತೂ ಬೇಡವೇ ಬೇಡ. ಕಾಯಿರಿ, ಅದೇ ಮುಂದೆ ಬರುತ್ತದೆ.

‘ಮೀನಿನ ಫೋಟೊಕ್ಕೆ ಯಾರು ದುಡ್ಡು ಕೊಡುತ್ತಾರೆ?’ ಎಂದು ನೀವು ಕೇಳಬಹುದು. ಯಾರೂ ಕೊಡಲಿಕ್ಕಿಲ್ಲ. ಆದರೆ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಕ್ಷಣ ಮತ್ತೆ ಬರುವುದಿಲ್ಲ. ಅಲ್ಲಿ ಕೈ ಪಳಗಿಸಲು ಹೋಗಿ ಒಂದು ಮನೆಯವರ ನೆನಪು ಕೆಡಿಸುವುದಕ್ಕಿಂತ, ಮೀನಿನ ಮುಂದೆ ಸಾವಿರ ಫೋಟೊ ಕೆಡಿಸುವುದು ಮೇಲು. ಡಿಜಿಟಲ್ ಕ್ಯಾಮೆರಾದಲ್ಲಿ ರೀಲಿನ ಖರ್ಚೂ ಇಲ್ಲವಲ್ಲ!

ತಿಂಗಳಾದ ಮೇಲೂ ಇದ್ದ ಕ್ಯಾಮೆರಾ ಸಾಲದು ಎನಿಸಿದರೆ, ಕೊರತೆ ಲೆನ್ಸಿನದೋ, ಬೆಳಕಿನದೋ ಎಂದು ನೀವೇ ಬೆರಳಿಟ್ಟು ಹೇಳಬಲ್ಲಿರಿ. ಆಗ ಬೇಕಾದಷ್ಟನ್ನೇ ಕೊಳ್ಳಿ. ಅಪ್ಪನ ತಲೆಯ ಮೇಲಿನ ಭಾರವೂ ಅಷ್ಟು ಕಡಿಮೆ.