ಸ್ಪೇಸ್ ಬಾರ್ ಬಿಡಿ, ಅಂಕಿ ನೆಟ್ಟಗೆ ನಿಲ್ಲಲಿ (ಭಾಗ 4)

ಚಿತ್ರ ಝೂಮ್ ಮಾಡಿ ನೋಡಿ. ಹನಿ ನೀರಾವರಿ ಸಹಾಯಧನಕ್ಕೆ ಅರ್ಜಿ ಹಾಕೋ ಕ್ರಮ, ಒಟ್ಟು 14 ಅಂಶ. ಯಾವ ಕಚೇರೀದು ಅನ್ನೋದು ಬೇಡ, ಎಲ್ಲಾ ಕಡೆ ಇದೇ ಕತೆ. 9ರವರೆಗೆ ಹೇಗೋ ನೇರಕ್ಕಿದೆ. 10 ಬಂದ ತಕ್ಷಣ ಸಾಲು ಬಲಕ್ಕೆ ಜರುಗಿದೆ. ಎರಡನೇ ಸಾಲು ಅಂಕಿಯ ಕೆಳಗೇ ನುಸುಳಿದೆ. ಯಾವುದು ಹೊಸ ಅಂಶ, ಯಾವುದು ಹಿಂದಿನದರ ಬಾಲ ಅಂತ ಗೊತ್ತೇ ಆಗಲ್ಲ.

"ಅಂದಚಂದ ಯಾರಿಗೆ ಬೇಕ್ರೀ, ವಿಷಯ ಇದ್ರೆ ಸಾಕು" ಅಂತಾರಲ್ಲ, ನನ್ನ ಜಗಳ ಅವರ ಜೊತೆ. ಇದರಲ್ಲಿ ಅಂಶ 6 ಆಮೇಲೆ ಸೇರಿಸಿದ್ದು. ಅಂಕಿಗಳನ್ನ ಕೈಯಲ್ಲೇ ಟೈಪ್ ಮಾಡಿದ್ರಿಂದ ಕೆಳಗಿನವನ್ನೆಲ್ಲ ಒಂದೊಂದಾಗಿ ತಿದ್ದಿದ್ದಾರೆ. ಆದ್ರೆ ಕೊನೇಲಿರೋ 'ಕ್ರಮಸಂಖ್ಯೆ 8ರ ದಾಖಲೆ ಕಡ್ಡಾಯ' ಅನ್ನೋ ವಾಕ್ಯ ಹಾಗೇ ಉಳಿದಿದೆ. ಆ 8 ಈಗ 9 ಆಗಿದೆ! ಹರಿಯಬ್ಬೆಯ ರೈತರೊಬ್ಬರು ಇದನ್ನ ನಂಬಿದ್ರೆ ಪಹಣಿ ಬದಲು ಪಾಸ್‌ಬುಕ್ ಹಿಡ್ಕೊಂಡು ಹಿರಿಯೂರಿಗೆ ಹೋಗಿ ಬರಿಗೈಲಿ ವಾಪಸ್ ಬರ್ತಾರೆ. ಒಂದು ದಿನದ ಕೆಲಸವೂ ಹೋಯ್ತು, ಬಸ್ ಚಾರ್ಜೂ ಹೋಯ್ತು.

ಯಾರೂ ಕಲಿಸಿಲ್ಲ ಅನ್ಬೇಡಿ. ಶಾಲೇಲಿ ಮೇಷ್ಟ್ರು ಮಾರ್ಜಿನ್ ಗೆರೆ ಎಳೆಸಿ, ಪ್ರಶ್ನೆ ಸಂಖ್ಯೆ ಗೆರೆಯ ಆಚೆ, ಉತ್ತರ ಈಚೆ ಅಂತ ಬರೆಸ್ತಿದ್ರು. ವರ್ಡ್‌ನ ಹ್ಯಾಂಗಿಂಗ್ ಇಂಡೆಂಟ್ ಅಂದ್ರೆ ಅದೇ ಗೆರೆ. ನಂಬರಿಂಗ್ ಬಟನ್ ಒತ್ತಿದ್ರೆ ತಾನಾಗೇ ಬರುತ್ತೆ. ಅಂಕಿಯ ಅಲೈನ್‌ಮೆಂಟ್ 'ರೈಟ್' ಅಂತ ಇಟ್ರೆ 9ರ ಚುಕ್ಕಿ, 10ರ ಚುಕ್ಕಿ ಒಂದೇ ನೇರಕ್ಕೆ ನಿಲ್ತವೆ. 'ಕ್ರಮಸಂಖ್ಯೆ 8' ಅನ್ನೋದನ್ನ ಕ್ರಾಸ್ ರೆಫರೆನ್ಸ್ ಆಗಿ ಹಾಕಿ, ಪ್ರಿಂಟ್ ಕೊಡೋ ಮುಂಚೆ ಎಲ್ಲಾ ಸೆಲೆಕ್ಟ್ ಮಾಡಿ ಎಫ್9 ಒತ್ತಿ. ಅಷ್ಟೇ.

ಹಾಗಂತ ಆಪರೇಟರ್ ಒಬ್ಬರನ್ನೇ ಬೈಯೋದೂ ಅನ್ಯಾಯ. ವರ್ಡ್‌ನ ನಂಬರಿಂಗ್ ಬಗೆಗಳಲ್ಲಿ ಹಿಂದಿ ಸ್ವರ, ಹಿಂದಿ ವ್ಯಂಜನ, ಥಾಯ್ ಅಕ್ಷರ ಎಲ್ಲಾ ಇವೆ. ಕನ್ನಡದ ಅ, ಆ, ಇ ಇಲ್ಲ. ವೆಬ್ ಪುಟದಲ್ಲಾದ್ರೆ ಸಿಎಸ್‌ಎಸ್‌ಗೆ 'ಕನ್ನಡ' ಅಂತ ಹೇಳಿದ್ರೆ ೧, ೨, ೩ ಬರುತ್ತೆ, ಅಲ್ಲೂ ಅಂಕಿ ಮಾತ್ರ. ಹಾಗಾಗಿ ಉಪ ಅಂಶಕ್ಕೆ ಅ) ಆ) ಅಂತ ಕೈಯಲ್ಲೇ ಕುಟ್ತಾರೆ. ಊ ಆದ್ಮೇಲೆ ಕೆಲವರು ಋ ಹಾಕ್ತಾರೆ, ಕೆಲವರು ಸೀದಾ ಎಗೆ ಹಾರ್ತಾರೆ. ಹಾಗಾದ್ರೆ ಷರತ್ತು 4(ಎ) ಅಂದ್ರೆ ಏಳನೇದೋ, ಎಂಟನೇದೋ? ಇಂಗ್ಲಿಷ್‌ನ ಎ ಅಂತ ಓದಿದ್ರೆ ಮೊದಲನೇದೇ!

ನನ್ನ ಕೇಳಿದ್ರೆ ಉಪ ಅಂಶಕ್ಕೂ 4.1, 4.2 ಅಂತ ಅಂಕಿಯನ್ನೇ ಇಡಿ. ಅಕ್ಷರ ಬಿಟ್ಟಿದ್ದಕ್ಕೆ ಅಭಿಮಾನಿಗಳು ಬೈತಾರೆ, ಬೈಲಿ.

ಮುಂದಿನ ಭಾಗದಲ್ಲಿ ಕೋಷ್ಟಕ. ನಿಮ್ಮೂರ ಪಂಚಾಯ್ತಿ ಬೋರ್ಡಲ್ಲಿ ಇಂಥ ಪಟ್ಟಿ ಕಂಡ್ರೆ ಹೆಸರು, ಫೋನ್ ನಂಬರ್ ಮರೆಮಾಡಿ ಫೋಟೋ ಕಳಿಸಿ.

#ಹರಿಯಬ್ಬೆ #ಹಿರಿಯೂರು #ಕನ್ನಡಟೈಪಿಂಗ್